ಮೆನಶೆಯ ಆಮೆನ್

ಬೇರ್‌ಷೆಬ
೨೧ ನವೆಂಬರ್ ೧೯೭೧

ಅಪ್ಪಾ,

ಸುತ್ತಿ ಬಳಸಿ ಮಾತಾಡುವುದನ್ನು ನಿಮ್ಮ ಮನೆಯಲ್ಲಿ ನನಗೆ ಯಾರೂ ಕಲಿಸಲಿಲ್ಲ. ಹಾಗಾಗಿ ನೇರವಾಗಿ ಕೇಳುತ್ತೇನೆ. ನನ್ನ ನಿಶ್ಚಿತಾರ್ಥದ ದಿನ ನೀವು ಆಮೆನ್ ಅನ್ನಲಿಲ್ಲ. ಯಾಕೆ?

ಕೇಳಿಸಲಿಲ್ಲ ಎಂದು ಮಾತ್ರ ಹೇಳಬೇಡಿ. ಅಮ್ಮ ಎದ್ದು ನಿಂತು ನನ್ನ ತಲೆಯ ಮೇಲೊಂದು, ಯೋಅಶನ ತಲೆಯ ಮೇಲೊಂದು ಕೈಯಿಟ್ಟು, “ಇವರಿಬ್ಬರ ಮನೆ ಗಟ್ಟಿಯಾಗಿ ನಿಲ್ಲಲಿ, ಮಕ್ಕಳ ಗಲಾಟೆಯಿಂದ ತುಂಬ್ಲಿ” ಎಂದು ಹರಸಿದಳು. ಮೂವತ್ತು ಜನ ಒಟ್ಟಿಗೆ ಆಮೆನ್ ಎಂದರು. ಆದರೆ ನಾನು ಕಾಯುತ್ತಿದ್ದದ್ದು ಒಂದೇ ಒಂದಕ್ಕೆ. ಕಲ್ಲುಕುಟಿಗ ಮೆನಶೆಯ ಆಮೆನ್ ಅಂದರೆ ಪ್ರಾರ್ಥನಾಮಂದಿರದ ದೀಪದ ಗಾಜು ಅಲ್ಲಾಡುತ್ತದೆ, ಮೂರು ಓಣಿ ಆಚೆ ಕೋಳಿಗಳು ಎದ್ದು ಕೂರುತ್ತವೆ. ಅದು ಬರಲಿಲ್ಲ. ನೀವು ಮಾಂಸದುಂಡೆ ಕುಬ್ಬೆಯ ಬಟ್ಟಲಲ್ಲಿ ಏನೋ ಕಳೆದುಹೋದವರ ಹಾಗೆ ಸಾರನ್ನೇ ನೋಡುತ್ತಾ ಕೂತಿರಿ. ಎಲ್ಲರೂ ಗಮನಿಸಿದರು. ಚಿಕ್ಕಮ್ಮ ಕೈಯಲ್ಲಿದ್ದ ಚಮಚ ಕೆಳಗಿಟ್ಟಳು. ಯೋಅಶನೂ ಗಮನಿಸಿದ.

ನನಗೆ ಇಪ್ಪತ್ತಾರು ವರ್ಷ. ನಾನು ದಾದಿ, ದಿನಕ್ಕೆ ನಲವತ್ತು ಜನರ ಗಾಯ ಕಟ್ಟುತ್ತೇನೆ, ಸುಲಭಕ್ಕೆ ಅಳುವವಳಲ್ಲ. ಆದರೂ ಬಸ್ಸಿನಲ್ಲಿ ಹೆಬ್ರೋನ್ ದಾಟುವವರೆಗೂ ಅತ್ತೆ. ನಿಮಗೆ ಗೊತ್ತಿರಲಿ ಎಂದು ಬರೆದಿದ್ದೇನೆ.

ಕಾರಣ ತಿಳಿಸಿ.

ನಿಮ್ಮ ಮಗಳು,
ತಿರ್ಜಾ


ದೇವರ ನೆರವಿನಿಂದ
ಜೆರುಸಲೇಮ್, ಕಿಸ್ಲೇವ್ ತಿಂಗಳ ಹನ್ನೆರಡು

ನನ್ನ ಮಗಳು ತಿರ್ಜಾಗೆ,

ಕೋಪ ಇಳಿದಿದ್ದರೆ ಓದು. ಇಳಿಯದಿದ್ದರೂ ಓದು.

ನನಗೆ ಕೇಳಿಸಿತ್ತು. ನನ್ನ ಕಿವಿ ಚೆನ್ನಾಗಿಯೇ ಇದೆ. ಕಲ್ಲಿಗೆ ಉಳಿ ತಾಗಿದ ಸದ್ದಿನಲ್ಲೇ ಒಳಗೆ ಬಿರುಕು ಇದೆಯೋ ಇಲ್ಲವೋ ಹೇಳುತ್ತೇನೆ. ಕೇಳಿಸಿತು, ಅದಕ್ಕೇ ಸುಮ್ಮನಿದ್ದೆ.

ಔಷಧಿ ಸೀಸೆಯ ಮೇಲಿನ ಚೀಟಿ ಓದದೆ ನೀನು ರೋಗಿಗೆ ಕುಡಿಸುತ್ತೀಯಾ? ಇಲ್ಲ ತಾನೇ? ಆಮೆನ್ ಕೂಡ ಹಾಗೇ. ಜನ ಅದನ್ನು ಊಟವಾದ ಮೇಲೆ ತೇಗು ಬಂದ ಹಾಗೆ ಬಿಡುತ್ತಾರೆ. ನಮ್ಮಪ್ಪ ಝಾಖೋ ಊರಿನಿಂದ ಹೇಸರಗತ್ತೆಯ ಮೇಲೆ ಈ ದೇಶಕ್ಕೆ ಬಂದಾಗ ಮಂಡಿಯ ಮೇಲೆ ಕೂರಿಸಿಕೊಂಡು ನನಗೆ ಕಲಿಸಿದ್ದು ಈ ಒಂದು ಪದವನ್ನು. ನಂಬಿಕೆ ಎಂಬ ಮಾತು ಯಾವ ಬೇರಿನಿಂದ ಹುಟ್ಟಿತೋ ಇದೂ ಅದೇ ಬೇರಿನಿಂದ ಹುಟ್ಟಿದ್ದು. ಗಟ್ಟಿ, ನಿಜ, ಹಾಗೇ ಆಗಲಿ, ಎಲ್ಲ ಅದರೊಳಗೇ ಇದೆ. ಇನ್ನೊಬ್ಬ ಆಣೆಯಿಟ್ಟಾಗ ನೀನು ಆಮೆನ್ ಎಂದರೆ ಆ ಆಣೆ ನಿನ್ನದೂ ಆಯಿತು, ಪಂಚಾಯಿತಿಯಲ್ಲಿ ತಪ್ಪಿಸಿಕೊಳ್ಳುವಂತಿಲ್ಲ. ನಮ್ಮ ಹಿರಿಯರು ಬೆಟ್ಟದ ಬುಡದಲ್ಲಿ ನಿಂತು ಒಂದೊಂದು ಶಾಪಕ್ಕೂ ಆಮೆನ್ ಎಂದರಂತೆ. ಶಾಪಕ್ಕೆ, ಗೊತ್ತಾಯಿತಾ? ತಮ್ಮ ತಲೆಯ ಮೇಲೇ ಬೀಳಬಹುದಾದ ಶಾಪಕ್ಕೆ. ಅಷ್ಟು ಭಾರದ ಮಾತು ಅದು.

ಅದಕ್ಕೆ ಕ್ರಮವಿದೆ. ಎದುರಿನವನು ಮುಗಿಸುವ ಮೊದಲೇ ಬಾಯಿ ಹಾಕಿದರೆ ಅದು ಕಸಿದುಕೊಂಡ ಆಮೆನ್. ಕೊನೆಯನ್ನು ನುಂಗಿದರೆ ಮುರುಕು ಆಮೆನ್. ಏನು ಹೇಳಿದರೆಂದು ತಿಳಿಯದೆ, ಪಕ್ಕದವನು ಅಂದನೆಂದು ನೀನೂ ಅಂದರೆ ಅದು ಅನಾಥ ಆಮೆನ್. ಮೂರೂ ಪಾಪ. ಇನ್ನು ಮನಸ್ಸಿನಲ್ಲಿ ಇಲ್ಲದ್ದಕ್ಕೆ ಆಮೆನ್ ಅಂದರೆ ಅದಕ್ಕೆ ನಮ್ಮಪ್ಪ ಹೆಸರನ್ನೇ ಇಡಲಿಲ್ಲ. ಅಂಥವನು ಹುಟ್ಟುತ್ತಾನೆ ಎಂದು ಅವರಿಗೆ ಹೊಳೆದೇ ಇರಲಿಕ್ಕಿಲ್ಲ.

ಈಗ ನಿನ್ನ ಯೋಅಶ್. ತಲೆಗೆ ಟೋಪಿ ಕೊಟ್ಟರೆ ಹಾಕಿಕೊಂಡ, ಕೊಡದಿದ್ದರೆ ಕೇಳುತ್ತಿರಲಿಲ್ಲ. ರೊಟ್ಟಿ ಮುರಿಯುವಾಗ ಒಂದು ಸ್ತುತಿ ಇಲ್ಲ. ಅವನು ಬೆಳೆದ ಕಿಬ್ಬುತ್ಸಿನಲ್ಲಿ, ಆ ಕೂಡುಬೇಸಾಯದ ಊರಿನಲ್ಲಿ, ಕೆಲಸ ಮುಟ್ಟಬಾರದ ಸಬ್ಬತ್ ದಿನವೂ ಕೊಳವೆ ಒಡೆದರೆ ಸ್ಪ್ಯಾನರ್ ಹಿಡಿದು ಹೋಗುತ್ತಾರೆ. ಒಳ್ಳೆಯವನೇ ಇರಬಹುದು. ಆದರೆ ನಾಳೆ ನಿನ್ನ ಮಕ್ಕಳು ಆಮೆನ್ ಅಂದರೇನು ಎಂದು ಕೇಳಿದರೆ ಅವನು ಯಾರ ಕಡೆ ಕೈ ತೋರಿಸುತ್ತಾನೆ? ನನ್ನ ಗೋರಿಯ ಕಡೆಗಾ? ನನಗೆ ಭಯ, ತಿರ್ಜಾ. ಬರೆಯಲು ನಾಚಿಕೆಯಿಲ್ಲ.

ನಿನ್ನಮ್ಮ ಹೂಡಿರುವ ಮುಷ್ಕರದ ಸುದ್ದಿ ನಿನಗೆ ಮುಟ್ಟಿರಬಹುದು. ಅವತ್ತಿನಿಂದ ನನ್ನೆದುರು ಅವಳು ಒಂದು ಸ್ತುತಿಯನ್ನೂ ಬಾಯಿಬಿಟ್ಟು ಹೇಳುತ್ತಿಲ್ಲ. ರೊಟ್ಟಿಗೆ ಪಿಸುಮಾತು, ಹಣ್ಣಿಗೆ ಪಿಸುಮಾತು. ಸಬ್ಬತ್ ದೀಪ ಹಚ್ಚುವಾಗ ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ನಾನು ಬಾಗಿಲಿಗೆ ಕಿವಿಯಿಟ್ಟು ನಿಂತರೆ ಒಳಗಿಂದಲೇ ಹೇಳುತ್ತಾಳೆ: “ನಿಮ್ಮ ಆಮೆನ್ ಬಲು ದುಬಾರಿ ಅಲ್ವಾ? ನಂದು ಚಿಲ್ಲರೆ ಸ್ತುತಿ. ಸುಮ್ನೆ ಯಾಕೆ ಖರ್ಚು ಮಾಡ್ಕೋತೀರಿ?” ಮೂವತ್ತು ವರ್ಷ ನಾನು ಉತ್ತರ ಕೊಟ್ಟ ಬಾಯಿ ಅದು. ಮನೆ ಬಿಕೋ ಅನ್ನುತ್ತದೆ.

ಆದರೂ ಸುಳ್ಳು ಹೇಳಲಾರೆ.

ನಿನ್ನ ಅಪ್ಪ,
ಮೆನಶೆ


ಬೇರ್‌ಷೆಬ
೧೫ ಡಿಸೆಂಬರ್ ೧೯೭೧

ಅಪ್ಪಾ,

ಕ್ರಮ ಹೇಳಿದಿರಲ್ಲ, ಒಂದನ್ನು ಬೇಕೆಂದೇ ಬಿಟ್ಟಿರಿ. ಸ್ತುತಿ ಹೇಳಿದವನ ದನಿಗಿಂತ ಆಮೆನ್ನಿನ ದನಿ ಎತ್ತರ ಇರಬಾರದು. ನಾನೂ ನಿಮ್ಮ ಮಗಳೇ, ನನಗೂ ನಾಲ್ಕು ಅಕ್ಷರ ಬರುತ್ತದೆ. ಆ ಲೆಕ್ಕದಲ್ಲಿ ನೀವು ಹುಟ್ಟಿದಾಗಿನಿಂದ ದಿನಕ್ಕೆ ತೊಂಬತ್ತು ತಪ್ಪು ಮಾಡುತ್ತಿದ್ದೀರಿ. ಒಬ್ಬರಾದರೂ ನಿಮ್ಮನ್ನು ಹೊರಗೆ ಹಾಕಿದರಾ?

ಯೋಅಶ್ ಹೇಗೆ ಸಿಕ್ಕಿದ ಎಂದು ನೀವು ಕೇಳಲೇ ಇಲ್ಲ. ಕೇಳದಿದ್ದರೂ ಹೇಳುತ್ತೇನೆ. ಬೇಸಿಗೆಯಲ್ಲಿ ನಮ್ಮ ಚಿಕಿತ್ಸಾಲಯದ ನೀರು ನಿಂತುಹೋಯಿತು. ಒಬ್ಬರಾದ ಮೇಲೆ ಒಬ್ಬರು ಬಂದು ನೋಡಿದರು. “ಆಗುತ್ತೆ ಸಿಸ್ಟರ್, ದೇವರು ದೊಡ್ಡವನು” ಎಂದರು, ಚಹಾ ಕುಡಿದರು, ಹೋದರು. ಮೂರನೆಯ ದಿನ ಇವನು ಬಂದ. ನೆಲಕ್ಕೆ ಮಂಡಿಯೂರಿ ಕೊಳವೆ ಮುಟ್ಟಿ ನೋಡಿ, “ಇವತ್ತು ಆಗಲ್ಲ. ನಾಳೆ ನಾಲ್ಕು ಗಂಟೆಗೆ ಆಗುತ್ತೆ” ಎಂದ. ಮರುದಿನ ನಾಲ್ಕಕ್ಕೆ ಐದು ನಿಮಿಷ ಇರುವಾಗ ನಲ್ಲಿ ಕೆಮ್ಮಿತು. ನಾಲ್ಕಕ್ಕೆ ನೀರು ಬಂತು. ನಾನು ಆ ಹೊತ್ತಿಗೇ ಸೋತೆ, ಅಪ್ಪಾ. ಇವನ ಬಾಯಲ್ಲಿ ಬಂದದ್ದು ನಡೆಯುತ್ತದೆ. ಇವನಿಗೆ ಗೊತ್ತಿಲ್ಲದ್ದು ಇವನ ಬಾಯಲ್ಲಿ ಬರುವುದೇ ಇಲ್ಲ.

ಮದುವೆ ಸಿವಾನ್ ತಿಂಗಳ ಹತ್ತಕ್ಕೆ, ಮೇ ಇಪ್ಪತ್ತಮೂರು, ಮಂಗಳವಾರ, ಇಲ್ಲೇ. ಮದುವೆಯ ಚಪ್ಪರದಡಿ ಏಳು ಆಶೀರ್ವಾದಗಳನ್ನು ಓದುತ್ತಾರೆ. ಏಳಕ್ಕೂ ನಿಮ್ಮ ಆಮೆನ್ ನನಗೆ ಬೇಕು, ದೀಪದ ಗಾಜು ಅಲ್ಲಾಡಬೇಕು. ಅವತ್ತಿನ ಹಾಗೆ ಬಾಯಿ ಬಿಗಿದುಕೊಂಡು ನಿಲ್ಲುವುದಾದರೆ ದಯವಿಟ್ಟು ಬರಬೇಡಿ. ಸುಮ್ಮನೆ ನಿಂತ ಅಪ್ಪನನ್ನು ಪಕ್ಕದಲ್ಲಿ ಇಟ್ಟುಕೊಂಡು ನಾನು ಮದುವೆಯಾಗುವುದಿಲ್ಲ. ನೀವಿಲ್ಲದೆ ಆಗುತ್ತೇನೆ. ಆಮೇಲೆ ಆ ಮನೆಗೆ ನಾನು ಯಾವ ಮುಖ ಹೊತ್ತು ಬರಲಿ, ಅದನ್ನೂ ನೀವೇ ಯೋಚಿಸಿ.

ತಿರ್ಜಾ


ಬೇರ್‌ಷೆಬ
೨೦ ಜನವರಿ ೧೯೭೨

ಅಪ್ಪಾ,

ನನ್ನ ಡಿಸೆಂಬರ್ ಕಾಗದಕ್ಕೆ ಉತ್ತರವಿಲ್ಲ. ಅದನ್ನು ನೀವು ಒಡೆದೇ ಇಲ್ಲವಂತೆ, ಬೀರುವಿನ ಮೇಲೆ ಇಟ್ಟಿದ್ದೀರಂತೆ. ಅಮ್ಮ ಪಕ್ಕದ ಮನೆಯವರ ಕೈಯಲ್ಲಿ ಬರೆಸಿ ಕಳಿಸಿದ್ದಳು.

ಅಮ್ಮನ ಕೆಮ್ಮಿಗೆ ಔಷಧಿ ಕಳಿಸಿದ್ದೇನೆ, ಊಟದ ನಂತರ ಒಂದೊಂದು ಚಮಚ. ನಿಮಗೆ ಕಳಿಸಲು ನನ್ನ ಬಳಿ ಏನೂ ಇಲ್ಲ.

ತಿರ್ಜಾ


ದೇವರ ನೆರವಿನಿಂದ
ಜೆರುಸಲೇಮ್, ಅದಾರ್ ತಿಂಗಳ ಆರು, ಸೋಮವಾರ

ತಿರ್ಜಾ,

ಇವತ್ತು ಬೆಳಗ್ಗೆ ನಡೆದದ್ದನ್ನು ಊರವರು ಉಪ್ಪುಖಾರ ಹಚ್ಚಿ ಹೇಳುವ ಮೊದಲು ನನ್ನ ಬಾಯಿಂದಲೇ ಕೇಳು.

ಓಣಿಯಲ್ಲಿ ಎಲ್ಲ ಕಡೆ ಶೀತಜ್ವರ. ಬೆಳಗಿನ ಪ್ರಾರ್ಥನೆಗೆ ಬಂದವರು ಒಂಬತ್ತೇ ಜನ. ಬೇರೆ ದಿನವಾಗಿದ್ದರೆ ಇದ್ದಷ್ಟು ಹೇಳಿ ಮುಗಿಸುತ್ತಿದ್ದೆವು. ಆದರೆ ಮುರ್ದಖ್ ಮಾಮನ ಹೆಂಡತಿ ಅಸ್ಮರ್ ತೀರಿಕೊಂಡು ಇವತ್ತಿಗೆ ಒಂದು ವರ್ಷ. ತೀರಿಕೊಂಡವರಿಗಾಗಿ ಹೇಳುವ ಕದ್ದೀಶ್ ಪ್ರಾರ್ಥನೆಯನ್ನು ಅವರು ಹೇಳಬೇಕು. ಹತ್ತು ಗಂಡಸರಿಲ್ಲದೆ ಕದ್ದೀಶ್ ಇಲ್ಲ. ಅದು ಮೂಲೆಯಲ್ಲಿ ಕೂತು ಒಬ್ಬರೇ ಗೊಣಗುವ ಪ್ರಾರ್ಥನೆಯಲ್ಲ, “ನೀವು ಆಮೆನ್ ಎನ್ನಿ” ಎಂದು ಅದರೊಳಗೇ ಮತ್ತೆ ಮತ್ತೆ ಕೇಳುತ್ತದೆ. ಎಂಬತ್ತೆರಡು ವರ್ಷದ ಮುದುಕರು, ತೊಳೆದ ಅಂಗಿ ಹಾಕಿಕೊಂಡು ಬೆಂಚಿನ ತುದಿಯಲ್ಲಿ ಕಾಯುತ್ತಾ ಕೂತಿದ್ದರು. ನೋಡಲಾಗಲಿಲ್ಲ. ಯಾರಾದರೂ ಸಿಕ್ಕರೆ ಕೊರಳಪಟ್ಟಿ ಹಿಡಿದು ಎಳೆದು ತರೋಣ ಎಂದು ಗೇಟಿಗೆ ಹೋದೆ.

ಗೇಟಿನಲ್ಲಿ ನಿಂತಿದ್ದವನು ನಿನ್ನ ಯೋಅಶ್! ಕೈಯಲ್ಲಿ ಒಂದು ಚೀಲ ಚಕ್ಕೋತ.

“ಮೊದಲ ಬಸ್ಸಿಗೆ ಬಂದೆ. ನಿಮ್ಮ ಹತ್ರ ಮಾತಾಡ್ಬೇಕಿತ್ತು” ಎಂದ.

“ಮಾತೆಲ್ಲ ಆಮೇಲೆ. ಈ ಟೋಪಿ ತಲೆಗೆ ಹಾಕು, ಒಳಗೆ ನಡಿ, ಹತ್ತನೆಯವನಾಗು.”

“ನನಗೆ ಪ್ರಾರ್ಥನೆ ಬರಲ್ಲ.”

“ಯಾರಪ್ಪಾ ಕೇಳಿದ್ದು? ಎಣಿಕೆಗೆ ಸಿಕ್ಕರೆ ಸಾಕು.”

ಬಂದ. ಚಕ್ಕೋತದ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಹಿಂದಿನ ಗೋಡೆಗೆ ನಿಂತ. ಮುರ್ದಖ್ ಮಾಮ ಎದ್ದು ಕದ್ದೀಶ್ ಶುರುಮಾಡಿದರು. ಅವರಿಗೆ ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಮೊದಲ ಆಮೆನ್ ಬಂದದ್ದೇ ತಡ, ನಿಲ್ಲಿಸಿಬಿಟ್ಟರು. “ಎಂಟೇ ಬಂತಲ್ಲ. ಇನ್ನೊಂದೆಲ್ಲಿ?”

ಎಲ್ಲರ ತಲೆ ಹಿಂದಕ್ಕೆ ತಿರುಗಿತು. ದಿನಸಿ ಅಂಗಡಿಯ ಯೆಹೆಜ್ಕೇಲ್ ಸುಮ್ಮನಿರುತ್ತಾನಾ? “ಯಾಕಯ್ಯಾ, ನಾಲಿಗೆ ಬಸ್ಸಲ್ಲೇ ಬಿಟ್ಟು ಬಂದ್ಯಾ?” ಎಂದ.

ಯೋಅಶ್ ಹೆದರಲಿಲ್ಲ. ದನಿಯನ್ನೂ ಏರಿಸಲಿಲ್ಲ. “ಅಜ್ಜ ಏನು ಹೇಳ್ತಿದ್ದಾರೆ ಅಂತ ನನಗೆ ತಿಳೀಲಿಲ್ಲ. ತಿಳೀದೇ ಇರೋದಕ್ಕೆ ಹೌದು ಅಂದ್ರೆ ಅವರಿಗೆ ಮೋಸ ಮಾಡಿದ ಹಾಗಾಗುತ್ತೆ. ಎಣಿಕೆಗೆ ಎಷ್ಟು ಹೊತ್ತು ಬೇಕಾದ್ರೂ ನಿಲ್ತೀನಿ.”

ಕದ್ದೀಶಿನ ಅರಾಮಿಕ್ ಭಾಷೆ ಝಾಖೋ ಕಡೆಯ ನಮಗೆ ಮನೆಮಾತಿನ ಅಜ್ಜಿ ಇದ್ದ ಹಾಗೆ. ಅವನಿಗೆಲ್ಲಿ ಅರ್ಥವಾಗಬೇಕು? ಅದು ನನಗೆ ಆಗ ಹೊಳೆಯಲಿಲ್ಲ. ತಲೆಗೆ ರಕ್ತ ಏರಿತ್ತು. ನನ್ನ ಮಂದಿರದಲ್ಲಿ, ನಾನೇ ಕರೆತಂದವನು, ಮುರ್ದಖ್ ಮಾಮನ ಕದ್ದೀಶಿಗೆ! “ಹೊರಗೆ ನಡಿ!” ಎಂದು ಕೂಗಿದೆ. ದೀಪದ ಗಾಜು ಅಲ್ಲಾಡಿತು.

ಆಗ ಮುರ್ದಖ್ ಮಾಮ ನಕ್ಕರು. ಹೆಂಡತಿಯ ವರ್ಷದ ದಿನ, ಕದ್ದೀಶಿನ ನಡುವೆ, ಆ ಮುದುಕರು ಹಲ್ಲಿಲ್ಲದ ಬಾಯಿ ತೆರೆದು ನಕ್ಕುಬಿಟ್ಟರು. “ಇವನ ಮೇಲೆ ಯಾಕೋ ಹಾರಾಡ್ತೀಯಾ ಮೆನಶೆ? ಮಗಳ ನಿಶ್ಚಿತಾರ್ಥದ ದಿನ ನಿನ್ನ ಬಾಯಿಗೆ ಯಾರೋ ಹೊಲಿಗೆ ಹಾಕಿದ್ದು? ಇವನನ್ನ ಕಳಿಸ್ತೀಯಾ, ನೀನೂ ಜೊತೆಗೆ ನಡಿ. ಉಳಿಯೋದು ಎಂಟು ಜನ. ಅಸ್ಮರ್ ಕಾಯ್ಲಿ ಬಿಡು, ಅವಳಿಗೆ ನನ್ನನ್ನ ಕಾದು ಅಭ್ಯಾಸ ಇದೆ.”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಯೆಹೆಜ್ಕೇಲನಂತೂ ಬೆಂಚಿಗೆ ಗುದ್ದಿ ಗುದ್ದಿ ನಕ್ಕ. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಮುರ್ದಖ್ ಮಾಮ ಗೋಡೆ ಹಿಡಿದು ಹಿಡಿದು ಹಿಂದಕ್ಕೆ ನಡೆದು ಯೋಅಶನ ತೋಳು ಹುಡುಕಿ ಹಿಡಿದುಕೊಂಡರು. ಅವರು ಹೇಳಿದ್ದನ್ನು ಹಾಗೆಹಾಗೇ ಬರೆಯುತ್ತೇನೆ, ನನ್ನ ಕಿವಿಯಲ್ಲಿ ಇನ್ನೂ ಇದೆ.

“ಕೇಳು ಮಗಾ. ಕದ್ದೀಶಲ್ಲಿ ಸತ್ತವರ ಮಾತೇ ಇಲ್ಲ. ದೇವರ ಹೆಸರು ದೊಡ್ಡದಾಗ್ಲಿ, ಲೋಕಕ್ಕೆ ನೆಮ್ಮದಿ ಬರ್ಲಿ, ಇಷ್ಟೇ ಅದರಲ್ಲಿರೋದು. ಮತ್ತೆ ನಾನ್ಯಾಕೆ ಹೇಳ್ತೀನಿ? ಐವತ್ತೊಂದು ವರ್ಷ ಅವಳು ನನಗೆ ರೊಟ್ಟಿ ತಟ್ಟಿ ಕೊಟ್ಳು. ಮೊದಲ ರೊಟ್ಟಿ ಮಾತ್ರ ಯಾವತ್ತೂ ಕೊಡ್ಲಿಲ್ಲ. ಬಾಗಿಲಿಗೆ ಬಂದವರಿಗೆ ಬೇಕು ಅಂತ ತೆಗೆದಿಡೋಳು. ಬಿಸಿ ರೊಟ್ಟಿ ನನಗೆ ಕೊಡೇ ಅಂತ ಐವತ್ತೊಂದು ವರ್ಷ ಜಗಳ ಆಡಿದೆ. ಈಗ ಎಲ್ಲಾ ರೊಟ್ಟಿನೂ ನಂದೇ. ತಿನ್ನೋಕೆ ಆಗ್ತಿಲ್ಲ. ಅವಳಿಲ್ಲದೆ ಇದ್ರೂ ಈ ಲೋಕ ಒಳ್ಳೇದೇ ಅಂತ ನಾನು ನಿಂತು ಹೇಳ್ಬೇಕು ಮಗಾ. ಒಬ್ಬನೇ ಹೇಳಿದ್ರೆ ನನಗೇ ನಂಬಿಕೆ ಬರಲ್ಲ. ಅದಕ್ಕೆ ಜನ ಬೇಕು. ಅವಳಿಗೆ ನೆಮ್ಮದಿ ಸಿಗ್ಲಿ ಅಂತ ನಿನಗೆ ಅನ್ಸುತ್ತಾ?”

ಯೋಅಶ್ ತಲೆ ತಗ್ಗಿಸಿ ನಿಂತಿದ್ದ. ಯೋಚಿಸಿದ, ತಿರ್ಜಾ. ಅಷ್ಟು ಜನ ನೋಡುತ್ತಿರುವಾಗ ಆತುರಪಡದೆ ಯೋಚಿಸಿದ. ಆಮೇಲೆ ಮುದುಕರ ಕೈ ಮೇಲೆ ತನ್ನ ಕೈಯಿಟ್ಟು, “ಆಮೆನ್” ಎಂದ.

ಮೆಲ್ಲಗೆ ಅಂದ. ಗಾಜು ಅಲ್ಲಾಡಲಿಲ್ಲ, ಕೋಳಿ ಏಳಲಿಲ್ಲ. ಐವತ್ತೆಂಟು ವರ್ಷದಲ್ಲಿ ನಾನು ಲಕ್ಷಗಟ್ಟಲೆ ಆಮೆನ್ ಕೇಳಿದ್ದೇನೆ, ಹೇಳಿದ್ದೇನೆ. ಅಂಥದ್ದನ್ನು ಕೇಳಿರಲಿಲ್ಲ. ಉಳಿ ತಾಗಿಸಿ ನೋಡಿದೆ ಎಂದುಕೋ. ಬಿರುಕಿರಲಿಲ್ಲ.

ಮುರ್ದಖ್ ಮಾಮ ಕದ್ದೀಶನ್ನು ಮೊದಲಿನಿಂದ ಹೇಳಿದರು. ಯೋಅಶ್ ಎಲ್ಲ ಕಡೆಯೂ ಉತ್ತರ ಕೊಟ್ಟ, ಉಳಿದವರಿಗಿಂತ ಒಂದು ಉಸಿರು ತಡವಾಗಿ. ಯಾಕೆ ತಡ ಎಂದು ಆಮೇಲೆ ಕೇಳಿದ್ದಕ್ಕೆ, “ಅವರು ಪೂರ್ತಿ ಮುಗಿಸಿದ್ರಾ ಅಂತ ಖಾತ್ರಿ ಮಾಡ್ಕೋತಿದ್ದೆ” ಎಂದ.

ಮನೆಗೆ ಕರೆದುಕೊಂಡು ಬಂದೆ. ನಿನ್ನಮ್ಮ ಚಹಾ ಮಾಡಿದಳು, ಚಕ್ಕೋತ ಸುಲಿದಳು. “ಏನೋ ಮಾತಾಡ್ಬೇಕು ಅಂದ್ಯಲ್ಲ, ಏನು?” ಎಂದು ಕೇಳಿದೆ. “ಮಾತಾಡಿ ಆಯ್ತಲ್ಲ” ಎಂದು ಚಹಾ ಕುಡಿದ. ನಿನ್ನಮ್ಮ ನಮ್ಮಿಬ್ಬರನ್ನೂ ಒಂದೊಂದು ಸಲ ನೋಡಿದಳು. ಚಕ್ಕೋತದ ಒಂದು ತೊಳೆ ಕೈಗೆ ತೆಗೆದುಕೊಂಡು ಹಣ್ಣಿನ ಸ್ತುತಿಯನ್ನು ಬಾಯಿಬಿಟ್ಟು, ಗಟ್ಟಿಯಾಗಿ, ನನಗೆ ಕೇಳುವ ಹಾಗೆ ಹೇಳಿದ್ದು ಮೂರೂವರೆ ತಿಂಗಳಲ್ಲಿ ಇದೇ ಮೊದಲು. ನಾನು ಉತ್ತರ ಕೊಟ್ಟೆ. ಕೆಳಗಿನ ಮನೆಯವರು ಸೂರಿಗೆ ಕೋಲಿನಿಂದ ಕುಟ್ಟಿದರು.

ಬೀರುವಿನ ಮೇಲಿದ್ದ ನಿನ್ನ ಕಾಗದವನ್ನು ಈಗ ಒಡೆದು ಓದಿದೆ. ನೀನು ಹೇಳಿದ್ದೆಲ್ಲ ಸರಿಯೇ.

ಅಪ್ಪ


ಬೇರ್‌ಷೆಬ
೨೭ ಫೆಬ್ರವರಿ ೧೯೭೨

ಅಪ್ಪಾ,

ನಿಮ್ಮ ಕಾಗದವನ್ನು ಚಿಕಿತ್ಸಾಲಯದಲ್ಲೇ ಓದಿದೆ. ನಾನು ನಕ್ಕದ್ದು ನೋಡಿ ರೋಗಿಗಳು ಹೆದರಿದರು, ಅತ್ತದ್ದು ನೋಡಿ ಇನ್ನೂ ಹೆದರಿದರು. ಆ ಮಹಾರಾಯ ನನಗೆ ಏನು ಹೇಳಿದ್ದ ಗೊತ್ತಾ? “ನಿಮ್ಮಪ್ಪನ ಹತ್ರ ಹೋಗಿದ್ದೆ. ಚಹಾ ಚೆನ್ನಾಗಿತ್ತು.” ಇಷ್ಟೇ! ಇನ್ನೊಂದಕ್ಷರ ಬಾಯಿಂದ ಬೀಳಲಿಲ್ಲ.

ಆದರೆ ನನ್ನ ಪ್ರಶ್ನೆ ಹಾಗೇ ಇದೆ. ಮುರ್ದಖ್ ಮಾಮನಿಗೆ ಅವರ ಆಮೆನ್ ಸಿಕ್ಕಿತು. ಅಮ್ಮನಿಗೂ ಸಿಕ್ಕಿತು. ನನಗೆ?

ತಿರ್ಜಾ


ದೇವರ ನೆರವಿನಿಂದ
ಜೆರುಸಲೇಮ್, ನಿಸಾನ್ ತಿಂಗಳ ಇಪ್ಪತ್ತೈದು

ನನ್ನ ತಿರ್ಜಾ,

ಹಬ್ಬದ ಏಳು ದಿನವೂ ಇದನ್ನೇ ಯೋಚಿಸಿದೆ. ಹಬ್ಬ ಮುಗಿದ ಮೇಲೆ ಬರೆಯುತ್ತಿದ್ದೇನೆ.

ನಿನಗೆ ಅವತ್ತೇ ಕೊಡಬೇಕಿದ್ದ ಆಮೆನ್ನನ್ನು ಈಗ ಕೊಡಲು ಬರುವುದಿಲ್ಲ. ಕ್ರಮ ಹಾಗಿದೆ. ಆಶೀರ್ವಾದ ಮುಗಿದು ಎರಡು ಮಾತು ಆಡುವಷ್ಟು ಹೊತ್ತಿನೊಳಗೆ ಹೇಳಿದರೆ ಅದು ಆಮೆನ್. ಐದು ತಿಂಗಳಾದ ಮೇಲೆ ಅಂಚೆಯಲ್ಲಿ ಕಳಿಸಿದರೆ ಅದು ಹಳಸಿದ ಸಾರು. ಕಳೆದದ್ದು ಕಳೆಯಿತು. ಅದು ನನ್ನ ತಪ್ಪು.

ಯಾವ ತಪ್ಪು ಎಂದು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮೊದಲ ಕಾಗದದಲ್ಲಿ ನಾನು ಸತ್ಯಸಂಧನ ಹಾಗೆ ಎದೆ ಉಬ್ಬಿಸಿ ಬರೆದಿದ್ದೆ. ನಿನ್ನಮ್ಮ ಅವತ್ತು ಏನು ಕೇಳಿದಳು? ಇವರ ಮನೆ ಗಟ್ಟಿಯಾಗಿ ನಿಲ್ಲಲಿ ಎಂದಳು. ಅದು ನನಗೆ ಬೇಡವಾಗಿತ್ತಾ? ನೀನು ಹುಟ್ಟಿದ ದಿನದಿಂದ ನಾನು ಬೇಡಿಕೊಂಡದ್ದು ಅದೊಂದನ್ನೇ. ಯೋಅಶ್ ಸುಮ್ಮನಿದ್ದಾಗ ತನಗೆ ತಿಳಿಯದ್ದನ್ನು ಹೇಳಲಿಲ್ಲ. ನಾನು ಸುಮ್ಮನಿದ್ದಾಗ ನನ್ನ ಎದೆಯಲ್ಲಿ ತುಂಬಿದ್ದನ್ನೇ ಹೇಳಲಿಲ್ಲ. ಅವನದು ಸತ್ಯ, ನನ್ನದು ಬರೀ ಭಯ ಮತ್ತು ಹಟ. ಇಬ್ಬರದೂ ಒಂದೇ ಥರದ ಮೌನ ಎನ್ನುವ ಹಾಗೆ ಮುರ್ದಖ್ ಮಾಮ ತಮಾಷೆ ಮಾಡಿದರು. ನನಗೆ ಅಷ್ಟು ಗೌರವ ಸಲ್ಲುವುದಿಲ್ಲ. ಮಗಳೇ, ನನ್ನನ್ನು ಕ್ಷಮಿಸು.

ಈಗ ಮುಂದಿನದು. ಮದುವೆ ಮಾಡಿಸುವ ನಿಮ್ಮ ರಬ್ಬಿಯನ್ನು ಹುಡುಕಿಕೊಂಡು ಬಸ್ಸು ಹತ್ತಿ ಬಂದಿದ್ದೆ. ನಿನಗೆ ತಿಳಿಸದೆ ಬಂದು ತಿಳಿಸದೆ ಹೋದೆ. ಏಳು ಆಶೀರ್ವಾದಗಳನ್ನು ನಾನೇ ಓದುತ್ತೇನೆ ಎಂದೆ.

“ಏಳೂ ನೀವೇನಾ? ಒಂದೊಂದು ಒಬ್ಬೊಬ್ಬ ಹಿರಿಯರಿಗೆ ಕೊಡೋದು ಮರ್ಯಾದೆ” ಎಂದರು.

“ಮರ್ಯಾದೆ ಅವರಿಗೆ ಊಟದಲ್ಲಿ ಕೊಡೋಣ. ಏಳೂ ನನಗೆ ಬೇಕು” ಎಂದೆ. ಒಪ್ಪಿದರು. ಒಪ್ಪುವವರೆಗೂ ನಾನು ಕುರ್ಚಿ ಬಿಟ್ಟು ಏಳಲಿಲ್ಲ.

ನೀನು ಬುದ್ಧಿವಂತೆ, ಇದರಲ್ಲೊಂದು ಕೊರತೆಯಿದೆ ಎಂದು ಈಗಾಗಲೇ ಹೊಳೆದಿರುತ್ತದೆ. ಆಶೀರ್ವಾದ ಹೇಳಿದವನು ತನ್ನ ಮಾತಿಗೆ ತಾನೇ ಆಮೆನ್ ಅನ್ನುವಂತಿಲ್ಲ. ಅದು ಬೇರೆಯವರು ಕೊಡಬೇಕಾದದ್ದು. ಹಾಗಾಗಿ ಚಪ್ಪರದಡಿ ನಿನಗೆ ನನ್ನ ಆಮೆನ್ ಒಂದೂ ಕೇಳುವುದಿಲ್ಲ. ಬೇಸರಪಡಬೇಡ. ನೀನು ಕಾಗದದ ಕೊನೆಗೆ ನನ್ನ ಸಹಿ ಕೇಳಿದೆ, ನಾನು ಇಡೀ ಕಾಗದವನ್ನೇ ಬರೆಯುತ್ತಿದ್ದೇನೆ. ಸಹಿ ಹಾಕುವವರಿಗಾಗಿ ಈಗ ನಾನು ಕಾಯಬೇಕು.

ಊರವರೆಲ್ಲ ಹಾಕುತ್ತಾರೆ, ಅವರದು ಬಿಡು. ಯೋಅಶನಿಗೆ ಹೇಳು. ನಾನು ಕಾಯುವುದು ಅವನಿಗೆ.

ನಿನ್ನ ಅಪ್ಪ,
ಮೆನಶೆ


ಬೇರ್‌ಷೆಬ
೮ ಮೇ ೧೯೭೨

ಮೆನಶೆ ಅವರಿಗೆ,

ಮಾವ ಎಂದು ಬರೆಯಲು ಹೋಗಿ ನಿಲ್ಲಿಸಿದೆ. ಅದು ಮದುವೆಯ ಮಂಗಳವಾರದ ನಂತರ.

ನೀವು ಹೇಳಿ ಕಳಿಸಿದ್ದನ್ನು ತಿರ್ಜಾ ತಿಳಿಸಿದಳು. ನಾನು ಸುಮ್ಮನೆ ತಲೆಯಾಡಿಸಿ ಅವತ್ತು ಬಂದು ನಿಂತುಬಿಡಬಹುದಿತ್ತು. ಆದರೆ ನೀವು ಅಂಥದ್ದನ್ನು ಒಪ್ಪುವವರಲ್ಲ ಎಂದು ಈಗ ಗೊತ್ತು. ಹಾಗಾಗಿ ಏಳನ್ನೂ ಅವಳ ಜೊತೆ ಕೂತು ಸಾಲು ಸಾಲಾಗಿ ಓದಿದೆ. ನಾಲ್ಕು ಸಂಜೆ ಬೇಕಾಯಿತು. ಒಂದೊಂದರಲ್ಲೂ ಏನು ಕೇಳುತ್ತಿದ್ದಾರೆ, ಅದನ್ನು ನಾನು ಬಯಸುತ್ತೇನಾ ಎಂದು ನೋಡಿದೆ.

ಆರಕ್ಕೆ ಹೇಳಬಲ್ಲೆ. ಒಪ್ಪಿಕೊಂಡ ಮೇಲೆ ಹಿಂದೆ ಸರಿಯುವವನಲ್ಲ. ಒಂದಕ್ಕೆ ಹೇಳಲಾರೆ. ಮೂರು ಸಲ ಓದಿದೆ, ಮನಸ್ಸಿಗೆ ಬರಲಿಲ್ಲ. ಮುಂದೆ ಯಾವಾಗಲಾದರೂ ಬರಬಹುದು. ಇಪ್ಪತ್ತಮೂರನೆಯ ತಾರೀಖಿನೊಳಗೆ ಬರುತ್ತದೆ ಎಂದು ಮಾತು ಕೊಡಲಾರೆ.

ನನ್ನ ಅಪ್ಪನ ಬಗ್ಗೆಯೂ ಹೇಳಬೇಕು. ಅವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೋಲೆಂಡಿನ ಸೆರೆಶಿಬಿರವೊಂದರಲ್ಲಿದ್ದರು. ಒಂದು ಸಂಜೆ ಅವರ ಕೊಠಡಿಯಲ್ಲಿದ್ದವರೆಲ್ಲ ಸೇರಿ ಪ್ರಾರ್ಥಿಸಿ ಆಮೆನ್ ಎಂದರಂತೆ. ವಸಂತಕ್ಕೆ ಹೊರಗೆ ನಡೆದು ಬಂದವರು ಅಪ್ಪ ಒಬ್ಬರೇ. ಅಂದಿನಿಂದ ಆ ಪದ ಅವರ ಬಾಯಿಗೆ ಬಂದಿಲ್ಲ. ನಮ್ಮ ಮನೆಯಲ್ಲಿ ಅದು ಇಲ್ಲದೇ ನಾನು ಬೆಳೆದೆ. ಮದುವೆಯಲ್ಲಿ ಅವರು ನನ್ನ ಬಲಗಡೆ ನಿಲ್ಲುತ್ತಾರೆ. ಅವರನ್ನು ಯಾರೂ ಕೆಣಕದಂತೆ ನೋಡಿಕೊಳ್ಳುತ್ತೀರಾ? ಯೆಹೆಜ್ಕೇಲ್ ಅವರು ಬರುತ್ತಾರೆಂದು ಕೇಳಿದೆ.

ಆ ಒಂದು ಯಾವುದೆಂದು ಬರೆಯಲೇ? ನಿಮಗೆ ಸರಿಬರದಿದ್ದರೆ ಬೇರೆಯವರಿಂದ ಓದಿಸಿ, ನನಗೆ ಬೇಸರವಿಲ್ಲ.

ನಿಮ್ಮ,
ಯೋಅಶ್


ದೇವರ ನೆರವಿನಿಂದ
ಜೆರುಸಲೇಮ್, ಸಿವಾನ್ ತಿಂಗಳ ಎರಡು

ಮಗನೇ ಯೋಅಶ್,

ನಾನು ಮಂಗಳವಾರದ ತನಕ ಕಾಯುವುದಿಲ್ಲ, ಈಗಲೇ ಮಗನೇ ಎನ್ನುತ್ತೇನೆ. ನಮ್ಮ ಕಡೆ ಆತುರ ಜಾಸ್ತಿ.

ಯೆಹೆಜ್ಕೇಲನ ಚಿಂತೆ ಬಿಡು. ಅವನನ್ನು ಅಡುಗೆಯವರ ಪಕ್ಕದಲ್ಲಿ ಕೂರಿಸುತ್ತೇನೆ, ಬಾಯಿ ತುಂಬಿರುತ್ತದೆ. ನಿನ್ನ ಅಪ್ಪನ ಇನ್ನೊಂದು ಪಕ್ಕಕ್ಕೆ ಮುರ್ದಖ್ ಮಾಮ ನಿಲ್ಲುತ್ತಾರೆ. ಅವರೇ ಕೇಳಿಕೊಂಡರು. ಅವರಿಬ್ಬರೂ ಮಾತಾಡಿದರೆ ಆಡಲಿ, ಆಡದಿದ್ದರೆ ಬೇಡ. ನಿನ್ನ ಅಪ್ಪ ಆ ಒಂದು ಪದವನ್ನು ಬಿಟ್ಟು ನಿನ್ನಂಥವನನ್ನು ಬೆಳೆಸಿದರು. ನಾನು ಕೈಮುಗಿಯುತ್ತೇನೆ ಎಂದು ಅವರಿಗೆ ಹೇಳು.

ಆರು ಎಂದು ಬರೆದಿದ್ದೀಯ. ಓದಿ ನಾನು ನಿನ್ನ ಅತ್ತೆ ಹಜಾಲೆಯನ್ನು ಕೂಗಿ ಕರೆದೆ. “ಏನಾಯ್ತು, ಯಾರಿಗೆ ಏನಾಯ್ತು?” ಎಂದು ಹಿಟ್ಟಿನ ಕೈಯಲ್ಲೇ ಓಡಿಬಂದಳು. ಏಳಲ್ಲಿ ಆರನ್ನು ಕೂತು ಓದಿ, ತೂಗಿ, ಮನಸ್ಸಿಟ್ಟು ಒಪ್ಪಿಕೊಂಡ ಮದುಮಗನನ್ನು ನಾನು ಕಂಡೇ ಇಲ್ಲ. ನನ್ನ ಮದುವೆಯ ದಿನ ನಾನು ಏಳಕ್ಕೂ ಗಂಟಲು ಹರಿಯುವ ಹಾಗೆ ಆಮೆನ್ ಎಂದೆ. ಒಂದರ ಅರ್ಥವೂ ತಲೆಗೆ ಹೋಗಿರಲಿಲ್ಲ. ಮುಸುಕಿನೊಳಗೆ ಹಜಾಲೆ ಅಳುತ್ತಿದ್ದಾಳಾ, ನಗುತ್ತಿದ್ದಾಳಾ, ಅಷ್ಟೇ ನನಗೆ ಬೇಕಿದ್ದದ್ದು.

ಆ ಒಂದು ಯಾವುದೆಂದು ಬರೆಯಬೇಡ. ನನಗೆ ಮೊದಲೇ ಗೊತ್ತಾದರೆ ಅಲ್ಲಿಗೆ ಬಂದಾಗ ದನಿ ಇಳಿಸಿಯೇನು, ಇಲ್ಲವೇ ಬೇಗ ದಾಟಿಬಿಟ್ಟೇನು. ಅದಾಗಕೂಡದು. ಏಳನ್ನೂ ಒಂದೇ ದನಿಯಲ್ಲಿ ಓದುತ್ತೇನೆ. ಒಂದೊಂದಾದ ಮೇಲೂ ನಿಲ್ಲಿಸಿ, ನಿನಗೆ ಬೇಕಾಗುವ ಆ ಒಂದು ಉಸಿರು ಹೆಚ್ಚಿಗೆ ಕಾಯುತ್ತೇನೆ. ಜನ ಮುದುಕನಿಗೆ ಮರೆತುಹೋಯಿತು ಎಂದುಕೊಳ್ಳಲಿ.

ಆರು ಸಲ ನಿನ್ನ ದನಿ ಬರುತ್ತದೆ. ಒಂದು ಸಲ ಬರುವುದಿಲ್ಲ. ಅದು ಬಾರದಿದ್ದಾಗಲೇ ಉಳಿದ ಆರೂ ನಿಜ ಎಂದು ನನಗೆ ಗೊತ್ತಾಗುತ್ತದೆ. ನನ್ನ ಮಗಳನ್ನು ಅಂಥವನ ಕೈಗೆ ಕೊಡುತ್ತಿದ್ದೇನೆ ಎಂದು ಅಲ್ಲೇ, ಎಲ್ಲರೆದುರು ನಿಂತು, ನಾನು ಸುಖವಾಗಿ ಉಸಿರು ಬಿಡುತ್ತೇನೆ.

ಮಂಗಳವಾರ ನಾಲ್ಕಕ್ಕೆ ಮೊದಲೇ ಬರುತ್ತೇವೆ.

ನಿನ್ನ ಮಾವ,
ಮೆನಶೆ